ಟ್ರೋಪೋನಿನ್ ನಾರ್ಮಲ್ ಅಂದವಳು ನಾನೇ

ಅಣ್ಣನ ರಿಪೋರ್ಟನ್ನು ಫೋನಿನಲ್ಲಿ ಕೇಳಿಸಿಕೊಂಡು ಅರ್ಥ ಹೇಳಿದವಳು ನಾನು. ಹೈ ಸೆನ್ಸಿಟಿವಿಟಿ ಟ್ರೋಪೋನಿನ್ ಟಿ, ಅಂದರೆ ಹಾರ್ಟ್ ಅಟ್ಯಾಕ್ ಹಿಡಿಯುವ ರಕ್ತಪರೀಕ್ಷೆ: ಮೊದಲ ಸ್ಯಾಂಪಲ್‌ನಲ್ಲಿ 6, ಮೂರು ಗಂಟೆ ಬಿಟ್ಟು ತೆಗೆದದ್ದರಲ್ಲಿ 7. ಮಿತಿ 14. ಇಸಿಜಿಯೂ ಸರಿಯಿತ್ತು. "ಏನೂ ಇಲ್ಲ ಕಣಣ್ಣ, ಆರಾಮಾಗಿ ಮಲಗು" ಅಂದೆ. ಹತ್ತೊಂಬತ್ತು ವರ್ಷದಿಂದ ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿರುವ ತಂಗಿಯೇ ಹಾಗಂದ ಮೇಲೆ ಅವನು ಇನ್ಯಾರನ್ನು ಕೇಳಬೇಕು? ಹನ್ನೊಂದು ದಿನ ಕಳೆದು ಸಿಟಿ ಆಂಜಿಯೋ ಮಾಡಿದಾಗ, ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ಎಲ್‌ಎಡಿ ನಾಳದ ನಡುವೆ ಶೇ. 80ರಷ್ಟು ಬ್ಲಾಕ್ ಕಾಣಿಸಿತು.

ಯಂತ್ರ ಸುಳ್ಳು ಹೇಳಿರಲಿಲ್ಲ. ಆ 6 ನಿಜವಾದ 6. ಅದು ಉತ್ತರಿಸಲಾರದ ಪ್ರಶ್ನೆಗೆ ಅದರಿಂದ ಉತ್ತರ ತೆಗೆದವಳು ನಾನು.

ಟ್ರೋಪೋನಿನ್ ಇರುವುದು ಹೃದಯದ ಸ್ನಾಯುಕೋಶದ ಒಳಗೆ, ಸ್ನಾಯು ಬಿಗಿದು ಸಡಿಲವಾಗುವ ಕೆಲಸದಲ್ಲಿ. ಕೋಶಕ್ಕೆ ಪೆಟ್ಟಾದರೆ ರಕ್ತಕ್ಕೆ ಸೋರುತ್ತದೆ. ಹಾರ್ಟ್ ಅಟ್ಯಾಕ್ ಹಿಡಿಯುವುದಕ್ಕೆ ಇದಕ್ಕಿಂತ ಒಳ್ಳೆಯ ರಕ್ತಪರೀಕ್ಷೆ ನಮ್ಮಲ್ಲಿಲ್ಲ. 1954ರಲ್ಲಿ ಈ ಕೆಲಸಕ್ಕೆ ಮೊದಲು ಬಂದದ್ದು ಎಎಸ್‌ಟಿ, ಇವತ್ತು ನಾವು ಲಿವರ್ ಪರೀಕ್ಷೆಯ ಜೊತೆ ಮಾಡುವ ಅದೇ ಎಂಜೈಮು. ಆಮೇಲೆ ಸಿಕೆ-ಎಂಬಿ ಎಂಬ ಇನ್ನೊಂದು ಎಂಜೈಮು; ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ದಿನವೂ ಅದರದ್ದೇ ಸ್ಯಾಂಪಲ್‌ಗಳು. ಟ್ರೋಪೋನಿನ್ ಅವೆರಡನ್ನೂ ಹಿಂದೆ ಹಾಕಿತು. ಆದರೆ ಮೂರೂ ಹೇಳುವುದು ಒಂದೇ ಸಂಗತಿ: ಸ್ನಾಯುವಿಗೆ ಹಾನಿಯಾಗಿದೆಯೋ ಇಲ್ಲವೋ. ಕಾಲುವೆಯಲ್ಲಿ ಹೂಳು ತುಂಬಿದೆಯೇ ಎಂದು ತಿಳಿಯಲು ಬೆಳೆ ಒಣಗಿದೆಯೇ ಎಂದು ನೋಡಿದ ಹಾಗೆ. ನೀರು ಇನ್ನೂ ಹೇಗೋ ಹರಿಯುತ್ತಿದ್ದರೆ ಬೆಳೆ ಹಸಿರಾಗಿಯೇ ಇರುತ್ತದೆ.

ಅಣ್ಣನದ್ದು ಅದೇ ಸ್ಥಿತಿ. ನಾಳ ಕಿರಿದಾದಾಗ ಅದರ ಮುಂದಿನ ಸಣ್ಣ ನಾಳಗಳು ಹಿಗ್ಗಿ ಕೊರತೆಯನ್ನು ತುಂಬಿಕೊಡುತ್ತವೆ. ಸುಮ್ಮನೆ ಕುಳಿತ ಮನುಷ್ಯನಲ್ಲಿ ಸುಮಾರು ಶೇ. 85ರಷ್ಟು ಮುಚ್ಚುವವರೆಗೂ ಹರಿವು ಹೆಚ್ಚುಕಡಿಮೆ ಹಾಗೇ ಉಳಿಯಬಹುದು. ಶ್ರಮ ಬಿದ್ದು ಹೃದಯ ಹೆಚ್ಚು ರಕ್ತ ಕೇಳಿದಾಗ ಮಾತ್ರ, ಅರ್ಧದಷ್ಟು ಕಿರಿದಾದ ನಾಳವೂ ಸೋಲತೊಡಗುತ್ತದೆ. ಅವನ ರಕ್ತ ತೆಗೆದದ್ದೂ ಇಸಿಜಿ ಮಾಡಿದ್ದೂ ಹಾಸಿಗೆಯಲ್ಲಿ ಮಲಗಿಸಿ. ಎದೆನೋವು ವಿಶ್ರಾಂತಿಯಲ್ಲೇ ಬರತೊಡಗುವ ಅನ್‌ಸ್ಟೇಬಲ್ ಆಂಜೈನಾದಲ್ಲಿ ಕೂಡ ಟ್ರೋಪೋನಿನ್ ಏರದೇ ಇರಬಹುದು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಸಂಖ್ಯೆ ಕೇಳಿದೊಡನೆ ಸಮಾಧಾನವಾಯಿತು, ಆ ಸಮಾಧಾನವನ್ನೇ ಅವನಿಗೂ ದಾಟಿಸಿದೆ.

ಅವನು ಆ ಫೋನಿನಲ್ಲೇ ಇನ್ನೊಂದು ಮಾತು ಹೇಳಿದ್ದ. "ಮೆಟ್ಟಿಲು ಹತ್ತುವಾಗ ದವಡೆ ಹಿಡಿದ ಹಾಗಾಗುತ್ತೆ ಪುಟ್ಟಿ, ಎರಡು ನಿಮಿಷ ನಿಂತರೆ ಹೋಗುತ್ತೆ." ನಾನು ಹಲ್ಲಿನ ಡಾಕ್ಟರಿಗೆ ತೋರಿಸು ಅಂದೆ. ಎರಡನೇ ಮಹಡಿಯ ತಿರುವಿನಲ್ಲಿ ಕಂಬಿ ಹಿಡಿದು ನಿಂತವನನ್ನು ದಿನವೂ ನೋಡುತ್ತಿದ್ದ ಅತ್ತಿಗೆ ನನ್ನ ಮಾತನ್ನು ಒಪ್ಪಲಿಲ್ಲ. ಹೃದಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋದವರು ಅವರೇ. ಡಾಕ್ಟರು ರಿಪೋರ್ಟು ನೋಡುವ ಮೊದಲು ಕೇಳಿದ್ದು ಮೆಟ್ಟಿಲಿನ ವಿಷಯವನ್ನಂತೆ. ಈಗ ಸ್ಟೆಂಟ್ ಹಾಕಿ ಏಳು ವಾರವಾಗಿದೆ, ಅದೇ ಮೆಟ್ಟಿಲನ್ನು ನಿಲ್ಲದೆ ಹತ್ತುತ್ತಾನೆ.

ಹಾಗಾದರೆ ಹೂಳನ್ನೇ ತೋರಿಸುವ ರಕ್ತಪರೀಕ್ಷೆ ಇಲ್ಲವೇ? ಆ ದಿನದಿಂದ ನಾನು ಓದುತ್ತಿರುವುದು ಇದನ್ನೇ. ಪ್ರಯತ್ನಗಳಿವೆ. ರಕ್ತಕೋಶಗಳಲ್ಲಿ 23 ಜೀನ್‌ಗಳ ಚಟುವಟಿಕೆ ಅಳೆದು ಬ್ಲಾಕ್ ಇರುವ ಸಂಭವ ಹೇಳುವ ಪರೀಕ್ಷೆಯೊಂದು ಅಮೆರಿಕದಲ್ಲಿ ಬಂದಿತ್ತು. 2017ರಲ್ಲಿ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಸಂಶೋಧಕರು ನಾಲ್ಕು ಪ್ರೋಟೀನುಗಳನ್ನು ಸೇರಿಸಿ, ಶೇ. 70 ಅಥವಾ ಹೆಚ್ಚಿನ ಬ್ಲಾಕನ್ನು ಊಹಿಸುವ ಅಂಕವೊಂದನ್ನು ಪ್ರಕಟಿಸಿದರು: ಮಿಡ್‌ಕೈನ್, ಅಡಿಪೋನೆಕ್ಟಿನ್, ಅಪೋಲಿಪೋಪ್ರೋಟೀನ್ ಸಿ-1, ಕಿಮ್-1. ಈ ಕೊನೆಯದನ್ನು ಓದಿ ಒಂದು ಕ್ಷಣ ನಿಂತೆ. ಕಿಮ್-1 ಮೂತ್ರಪಿಂಡಕ್ಕೆ ಪೆಟ್ಟಾದಾಗ ಹೆಚ್ಚುವ ಪ್ರೋಟೀನು. ಹೃದಯದ ನಾಳದ ಸುದ್ದಿ ಕಿಡ್ನಿಯ ಕಡೆಯಿಂದ ಬರುವುದೆಂದರೆ, ಈ ಕಾಯಿಲೆ ಒಂದು ಪೈಪಿನ ಒಂದು ಜಾಗಕ್ಕೆ ಸೇರಿದ್ದಲ್ಲ ಎಂದಾಯಿತು. ನನಗೆ ಇದರಲ್ಲಿ ನಿಜವಾದ ಭರವಸೆ ಕಾಣುತ್ತದೆ. ಆದರೆ ಅಧ್ಯಯನದಲ್ಲಿದ್ದವರು ಹೇಗೂ ಆಂಜಿಯೋಗ್ರಾಂಗೆ ಬಂದಿದ್ದವರು, ಅಂದರೆ ಮೊದಲೇ ಅನುಮಾನವಿದ್ದವರು. ಯಾವ ತೊಂದರೆಯೂ ಇಲ್ಲದವರಲ್ಲಿ ಅದೇ ಅಂಕ ಅಷ್ಟೇ ಚೆನ್ನಾಗಿ ನಡೆಯುತ್ತದೆಂದು ಅದರಿಂದ ಹೇಳಲಾಗದು. ಬ್ಲಾಕ್ ಎಲ್ಲಿದೆ, ಎಷ್ಟಿದೆ ಎಂದು ಕಣ್ಣಿಗೆ ಕಾಣಿಸಲು ಇವತ್ತಿಗೂ ಆಂಜಿಯೋನೇ ಬೇಕು.

ರಕ್ತ ಚೆನ್ನಾಗಿ ಹೇಳುವ ಇನ್ನೊಂದು ವಿಷಯವಿದೆ: ಹೂಳು ಯಾಕೆ ಬರುತ್ತಿದೆ ಎಂಬುದು. ಅಣ್ಣನ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 96, ನೋಡಿದವರು ಹೆದರುವಂಥದ್ದೇನಲ್ಲ. ಎಚ್ಎಸ್-ಸಿಆರ್‌ಪಿ (ದೇಹದೊಳಗಿನ ಉರಿಯೂತದ ಅಳತೆ) 2.6, ನಡುವಿನದು. (ಜ್ವರ, ನೆಗಡಿ ಇರುವಾಗ ದಯವಿಟ್ಟು ಇದನ್ನು ಮಾಡಿಸಬೇಡಿ. 10 ದಾಟಿದರೆ ಬೇರೆಲ್ಲೋ ಸೋಂಕು ಇರಬಹುದು, ವಾಸಿಯಾದ ಮೇಲೆ ಮತ್ತೆ ನೋಡಬೇಕು.) ಡಾಕ್ಟರು ಬರೆದುಕೊಟ್ಟ ಲಿಪೋಪ್ರೋಟೀನ್ ಎ (ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರುವ ಒಂದು ಬಗೆಯ ಕಣ) ಮಾತ್ರ 168 ನ್ಯಾನೋಮೋಲ್ ಬಂತು. 125 ದಾಟಿದರೆ ಹೆಚ್ಚು ಎಂದು ಲೆಕ್ಕ. 1963ರಲ್ಲಿ ನಾರ್ವೆಯ ಕೋರೆ ಬರ್ಗ್ ಕಂಡುಹಿಡಿದ ಈ ಕಣದ ಮಟ್ಟ ಬಹುಮಟ್ಟಿಗೆ ಹುಟ್ಟಿನಲ್ಲೇ ನಿಗದಿಯಾಗಿರುತ್ತದೆ. ಊಟ, ವ್ಯಾಯಾಮದಿಂದ ಅದು ಇಳಿಯುವುದು ಇಲ್ಲವೆನ್ನುವಷ್ಟು ಕಡಿಮೆ. ಮಾಮೂಲಿ ಲಿಪಿಡ್ ಪ್ರೊಫೈಲಿನಲ್ಲಿ ಅದು ಇರುವುದೂ ಇಲ್ಲ. ಹೆಚ್ಚಿನವರಿಗೆ ಜೀವಮಾನದಲ್ಲಿ ಒಮ್ಮೆ ಅಳೆದರೆ ಸಾಕು. ಆ ಒಂದು ಸಲವೂ ನಮ್ಮ ಮನೆಯಲ್ಲಿ ಯಾರೂ ಅಳೆಸಿರಲಿಲ್ಲ, ಲ್ಯಾಬಿನಲ್ಲೇ ಇರುವ ನಾನೂ ಸೇರಿ.

ಹೋದ ಮಂಗಳವಾರ ಪಾಳಿ ಮುಗಿದ ಮೇಲೆ ಸಹೋದ್ಯೋಗಿಯ ಮುಂದೆ ತೋಳು ಚಾಚಿ ಕುಳಿತೆ. ನನ್ನದು 151. ಅಪ್ಪ 54ಕ್ಕೆ ಹೋದಾಗ "ಇದ್ದಕ್ಕಿದ್ದಂತೆ" ಅಂದಿದ್ದರು ಎಲ್ಲರೂ. ಅಣ್ಣನ ಮಗನಿಗೆ ಇಪ್ಪತ್ತೆರಡು. ಅವನ ಸ್ಯಾಂಪಲ್ ಇವತ್ತು ಬೆಳಿಗ್ಗೆ ನಾನೇ ತೆಗೆದೆ, ರಿಪೋರ್ಟು ಇನ್ನೂ ಬಂದಿಲ್ಲ.