ಒಂದರಿಂದ ಎರಡಕ್ಕೆ

ನಮ್ಮ ಕಾಸರಗೋಡಿನಲ್ಲಿ ಕಾರು ಕಲಿಯುವವರಿಗೆ ಪರೀಕ್ಷೆ ಎಂದೊಡನೆ ನೆನಪಾಗುವುದು ‘ಎಚ್’. ನೆಟ್ಟ ಕಂಬಗಳ ನಡುವೆ, ಯಾವುದಕ್ಕೂ ತಾಗದಂತೆ, ಮುಂದಕ್ಕೂ ಹಿಂದಕ್ಕೂ ಚಲಿಸಿ ಆ ಅಕ್ಷರದ ಆಕಾರವನ್ನು ಪೂರೈಸಬೇಕು. ಅದಕ್ಕೆ ಒಂದನೇ ಗೇರು ಮತ್ತು ರಿವರ್ಸ್ ಸಾಕು. ಹಾಗಾಗಿ ಕಲಿಕೆಯ ಬಹುಪಾಲು ಸಮಯ ಅರ್ಧ ಕ್ಲಚ್ಚಿನಲ್ಲಿ ಕಾರನ್ನು ತೆವಳಿಸುವುದರಲ್ಲಿಯೇ ಕಳೆಯುತ್ತದೆ. ರಸ್ತೆಯ ಪರೀಕ್ಷೆಯೂ ಇದೆಯಾದರೂ, ಒಂದು ಗೇರಿನಿಂದ ಇನ್ನೊಂದಕ್ಕೆ ಕಾರು ಕುಲುಕದಂತೆ ದಾಟುವ ವಿದ್ಯೆಯನ್ನು ಲೈಸೆನ್ಸ್ ಕೈಗೆ ಬಂದ ಮೇಲೆ ಊರಿನ ದಾರಿಗಳಲ್ಲಿಯೇ ಕಲಿಯಬೇಕಾಗುತ್ತದೆ. ನಾನು ಅದನ್ನು ಕಲಿತದ್ದು ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ರಸ್ತೆಯಲ್ಲಿ, ಸೋದರಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು.

ಕ್ಲಚ್ ಪೆಡಲನ್ನು ಒತ್ತಿದಾಗ ಎಂಜಿನ್ನಿನೊಡನೆ ತಿರುಗುವ ಫ್ಲೈವೀಲಿಗೂ ಗೇರುಪೆಟ್ಟಿಗೆಯ ಕಡೆಯ ಕ್ಲಚ್ ಪ್ಲೇಟಿಗೂ ನಡುವಣ ಹಿಡಿತ ತಪ್ಪುತ್ತದೆ. ಬಿಡುವಾಗ ಅವೆರಡೂ ಒಂದನ್ನೊಂದು ಉಜ್ಜುತ್ತ ಒಂದೇ ವೇಗಕ್ಕೆ ಬಂದು ಕಚ್ಚಿಕೊಳ್ಳುತ್ತವೆ. ಮಲಯಾಳದಲ್ಲಿ ಕಲಿಸುವವರು ‘ಪದುಕ್ಕೆ, ಪದುಕ್ಕೆ’ (ನಿಧಾನ, ನಿಧಾನ) ಎಂದು ಎಚ್ಚರಿಸುವುದು ಈ ಗಳಿಗೆಗಾಗಿಯೇ. ನಿಂತ ಕಾರನ್ನು ಹೊರಡಿಸುವಾಗ ಆ ಮಾತು ಪೂರ್ತಿ ಸರಿ. ಆದರೆ ಓಡುತ್ತಿರುವ ಕಾರಿನಲ್ಲಿ ಕ್ಲಚ್ಚನ್ನು ನಿಧಾನವಾಗಿ ಬಿಡುವುದೊಂದನ್ನೇ ನಂಬಿಕೊಂಡರೆ ಸಾಲದು. ಎಂಜಿನ್ನಿನ ವೇಗ ಹೊಸ ಗೇರಿಗೆ ಹೊಂದದೆ ಇದ್ದರೆ ಆ ವ್ಯತ್ಯಾಸವನ್ನೆಲ್ಲ ಕ್ಲಚ್ ಪ್ಲೇಟು ತಾನು ಸವೆದು ತುಂಬಿಕೊಡಬೇಕಾಗುತ್ತದೆ.

ವ್ಯತ್ಯಾಸ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡಿದಾಗ ನನಗೆ ವಿಷಯ ನಿಚ್ಚಳವಾಯಿತು. ಸಾಮಾನ್ಯ ಸಣ್ಣ ಕಾರಿನಲ್ಲಿ ಒಂದನೇ ಗೇರಿನ ಅನುಪಾತ (ಗೇರುಪೆಟ್ಟಿಗೆಯಿಂದ ಹೊರಡುವ ದಂಡ ಒಂದು ಸುತ್ತು ತಿರುಗಲು ಎಂಜಿನ್ ತಿರುಗಬೇಕಾದ ಸುತ್ತುಗಳು) ಸುಮಾರು 3.5, ಎರಡನೆಯದರದ್ದು ಸುಮಾರು 1.9. ಅಂದರೆ ಒಂದನೇ ಗೇರಿನಲ್ಲಿ ನಿಮಿಷಕ್ಕೆ 2800 ಸುತ್ತು ತಿರುಗುತ್ತಿರುವ ಎಂಜಿನ್, ಕಾರಿನ ವೇಗ ಅಷ್ಟೇ ಇದ್ದರೂ, ಎರಡನೇ ಗೇರಿಗೆ ಬಂದಾಗ 1500ರ ಆಸುಪಾಸಿಗೆ ಇಳಿಯಬೇಕು. ಮೂರರಿಂದ ನಾಲ್ಕಕ್ಕೆ, ನಾಲ್ಕರಿಂದ ಐದಕ್ಕೆ ಹೋಗುವಾಗ ಇಳಿಯಬೇಕಾದ ಪ್ರಮಾಣ ಇದಕ್ಕಿಂತ ಬಹಳ ಕಡಿಮೆ. ಹೊಸಬರು ಒಂದರಿಂದ ಎರಡಕ್ಕೆ ಹಾಕುವಾಗಲೇ ಹಿಂದಿನ ಸೀಟಿನಲ್ಲಿ ಕುಳಿತವರ ತಲೆ ಮುಂದಕ್ಕೆ ವಾಲುವುದಕ್ಕೆ ಕಾರಣ ಇದೇ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಕ್ಲಚ್ ಒತ್ತಿ, ಎಂಜಿನ್ನಿಗೆ ಇಳಿಯಲು ಅರೆಕ್ಷಣ ಕೊಟ್ಟು, ಅದು ಸರಿಯಾದ ಮಟ್ಟಕ್ಕೆ ಬಂದಾಗ ಕ್ಲಚ್ ಬಿಟ್ಟರೆ ಕಾರು ಗೇರು ಬದಲಾದುದನ್ನೇ ತೋರಿಸಿಕೊಡುವುದಿಲ್ಲ. ಬೇಗ ಬಿಟ್ಟರೆ ಮುಂದಕ್ಕೆ ನೂಕುತ್ತದೆ, ತಡಮಾಡಿದರೆ ಹಿಂದಕ್ಕೆ ಜಗ್ಗುತ್ತದೆ.

“ಅರ್ಜೆಂಟ್ ಮಾಡ್ಬೇಡ ಮಗಾ, ಅದರ ಸ್ವರ ಇಳೀಲಿ,” ಎನ್ನುತ್ತಿದ್ದರು ಮಾವ. ಅವರು ಒಂದು ಕಾಲದಲ್ಲಿ ಒಳನಾಡಿನ ರಸ್ತೆಗಳಲ್ಲಿ ಸರ್ವೀಸ್ ಜೀಪು ಓಡಿಸಿದವರು. ಅಂಥ ಹಳೆಯ ಜೀಪುಗಳಲ್ಲಿ ಒಂದನೇ ಗೇರಿಗೆ, ಹಲ್ಲುಗಳ ವೇಗವನ್ನು ತಾನೇ ಹೊಂದಿಸುವ ಸಿಂಕ್ರೊಮೆಶ್ ಇರುತ್ತಿರಲಿಲ್ಲವಾದ್ದರಿಂದ, ಚಲಿಸುತ್ತಿರುವಾಗ ಆ ಗೇರಿಗೆ ಇಳಿಸಬೇಕಾದರೆ ಕ್ಲಚ್ಚನ್ನು ಎರಡು ಸಲ ಒತ್ತಿ, ನಡುವೆ ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಕೊಟ್ಟು, ಹಲ್ಲುಗಳ ವೇಗವನ್ನು ಚಾಲಕನೇ ಹೊಂದಿಸಬೇಕಿತ್ತು. 1928ರಲ್ಲಿ ಕ್ಯಾಡಿಲಾಕ್ ಕಾರುಗಳಲ್ಲಿ ಮೊದಲು ಬಂದ ಸಿಂಕ್ರೊಮೆಶ್ ಈಗ ಕೈಯಿಂದ ಗೇರು ಹಾಕುವ ಎಲ್ಲ ಕಾರುಗಳಲ್ಲಿಯೂ ಇದೆ. ಹಲ್ಲು ಕಚ್ಚುವ ಮೊದಲು ಸಣ್ಣದೊಂದು ಬಳೆ ಉಜ್ಜಿ ಎರಡು ಭಾಗಗಳ ವೇಗವನ್ನು ಸಮ ಮಾಡುತ್ತದೆ. ಆದರೆ ಅದು ತಡೆಯುವುದು ಗೇರುಪೆಟ್ಟಿಗೆಯ ಒಳಗಿನ ಕರಕರ ಸದ್ದನ್ನು ಮಾತ್ರ. ಎಂಜಿನ್ನನ್ನು ಚಕ್ರಕ್ಕೆ ಹೊಂದಿಸುವ ಕೆಲಸ ಇಂದಿಗೂ ನಮ್ಮ ಕಾಲಿನದ್ದೇ. ಈ ಮಾತನ್ನು ಕಲಿಕೆಯ ಮೊದಲ ವಾರದಲ್ಲಿಯೇ ಹೇಳಿಕೊಡಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಅದು ನಿಜವಾಗಿ ಮನದಟ್ಟಾಗುವುದು ಚಡಾವಿನಲ್ಲಿ. ತಲಪಾಡಿಯಿಂದ ದಕ್ಷಿಣಕ್ಕೆ ಆರು ಪಥವಾಗಿರುವ ಹೆದ್ದಾರಿಯಲ್ಲಿ ಐದನೇ ಗೇರಿಗೆ ಹಾಕಿದ ಮೇಲೆ ಕೈಗೆ ಹೆಚ್ಚಿನ ಕೆಲಸವಿಲ್ಲ. ಪೆರ್ಲದ ಕಡೆಯ ಒಳದಾರಿಗಳಲ್ಲಿ ಹಾಗಲ್ಲ. ಒಂದು ಬದಿಯಲ್ಲಿ ಮುರಕಲ್ಲಿನ ದರೆ, ಇನ್ನೊಂದು ಬದಿಯಲ್ಲಿ ಕೆಳಗೆ ಅಡಿಕೆ ತೋಟ, ತಿರುವು ಮುಗಿಯುವ ಮೊದಲೇ ಏರು ಆರಂಭ. ಮೂರನೆಯದರಲ್ಲಿ ಕಾರು ಏದುಸಿರು ಬಿಡತೊಡಗಿ, ಸ್ಟೀರಿಂಗಿನಲ್ಲಿ ಸಣ್ಣ ನಡುಕ ಕಾಣಿಸಿಕೊಳ್ಳುವ ಮೊದಲೇ ಎರಡಕ್ಕೆ ಇಳಿಸಬೇಕು. ಈಗ ಎಂಜಿನ್ ಇಳಿಯಬಾರದು, ಏರಬೇಕು. 2000 ಸುತ್ತು ಇದ್ದದ್ದು 3000ದ ಹತ್ತಿರಕ್ಕೆ ಬರಬೇಕು. ಕ್ಲಚ್ ಒಳಗಿರುವಾಗಲೇ ಬಲಗಾಲಿನಿಂದ ಆಕ್ಸಿಲರೇಟರನ್ನು ಒಮ್ಮೆ ಹಗುರವಾಗಿ ಒತ್ತಿ, ಸ್ವರ ಮೇಲೇರಿದೊಡನೆ ಕ್ಲಚ್ ಬಿಟ್ಟಾಗ, ಕಾರು ಒಂದಿಷ್ಟೂ ತಡವರಿಸದೆ ಎಳೆದುಕೊಂಡು ಹೋಗುತ್ತದೆ. ಮೊದಲ ಬಾರಿಗೆ ಅದು ಹಾಗೆ ಹೋದಾಗ ನನಗಾದ ಸಂತೋಷ ಲೈಸೆನ್ಸ್ ಸಿಕ್ಕಿದ ದಿನ ಆದದ್ದಕ್ಕಿಂತ ದೊಡ್ಡದು.

ಕೈಯ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ ಇದೆ. ಲಿವರನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯಬಾರದು. ನ್ಯೂಟ್ರಲ್‌ನಲ್ಲಿ ಬಿಟ್ಟರೆ ಒಳಗಿನ ಸ್ಪ್ರಿಂಗು ಅದನ್ನು ಮೂರು ಮತ್ತು ನಾಲ್ಕರ ಸಾಲಿಗೆ ತಾನೇ ತಂದು ನಿಲ್ಲಿಸುತ್ತದೆ. ಎರಡರಿಂದ ಮೂರಕ್ಕೆ ಹೋಗುವಾಗ ಅಂಗೈಯಿಂದ ನೇರ ಮುಂದಕ್ಕೆ ತಳ್ಳಿದರೆ ಸಾಕು.

ಏರಿದ ಗುಡ್ಡೆಯನ್ನು ಇಳಿಯುವಾಗಲೂ ಇದೇ ವಿದ್ಯೆ ಬೇಕು. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಬಿಡುವವರನ್ನು ನಮ್ಮ ಕಡೆ ಈಗಲೂ ಕಾಣುತ್ತೇನೆ; ಆಗ ಇಡೀ ಕಾರಿನ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಉದ್ದದ ಇಳಿಜಾರಿನಲ್ಲಿ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಇಂದಿನ ಇಂಜೆಕ್ಷನ್ ಎಂಜಿನ್ನುಗಳು ಗೇರಿನಲ್ಲಿ ಇಳಿಯುವಾಗ ಇಂಧನವನ್ನು ತಾವೇ ನಿಲ್ಲಿಸುವುದರಿಂದ ಉಳಿತಾಯದ ಮಾತೂ ನಿಲ್ಲುವುದಿಲ್ಲ. ಹತ್ತಲು ಬೇಕಾದ ಗೇರಿನಲ್ಲಿಯೇ ಇಳಿಯಬೇಕು. ಮಳೆಗಾಲದಲ್ಲಿ, ದರೆಯಿಂದ ಕೆಂಪು ಕೆಸರು ರಸ್ತೆಗೆ ಹರಿದು ಬಂದಿರುವಾಗ, ಎಂಜಿನ್ನಿನ ವೇಗ ಹೊಂದಿಸದೆ ಎರಡಕ್ಕೆ ಇಳಿಸಿ ಕ್ಲಚ್ಚನ್ನು ಒಮ್ಮೆಲೇ ಬಿಟ್ಟರೆ ಮುಂದಿನ ಚಕ್ರಗಳು ಒಂದು ಕ್ಷಣ ತಡೆಹಿಡಿದಂತಾಗಿ ಜಾರುವ ಅಪಾಯವಿದೆ. ಅದಕ್ಕಾಗಿ ತಿರುವಿಗೆ ಬರುವ ಮೊದಲೇ, ಕಾರು ನೇರವಾಗಿರುವಾಗಲೇ, ಬ್ರೇಕಿನಿಂದ ವೇಗ ಇಳಿಸಿ ಗೇರು ಬದಲಿಸಿ, ಎಡಗಾಲನ್ನು ಕ್ಲಚ್ಚಿನಿಂದ ಪೂರ್ತಿ ತೆಗೆದು ತಿರುವಿನೊಳಗೆ ಹೋಗಬೇಕು.