ದನ ಕಾಯುವವರ ಕಣ್ಣಿನ ಬೆಟ್ಟಗಳು

ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಫೋರ್ಟ್ ವಿಲಿಯಂ ಕಡೆಗೆ ಹೊರಟ ಬಸ್ಸು ರಾನಕ್ ಮೂರ್ ಬಯಲಿಗೆ ಹತ್ತಿದಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ಅಕ್ಟೋಬರ್ ಮೊದಲ ವಾರ. ಎರಡೂ ಕಡೆ ಕಂದು ಹುಲ್ಲು, ಜೌಗು ನೆಲ, ಬಂಡೆ, ನಡುನಡುವೆ ಕಪ್ಪು ನೀರಿನ ಕೆರೆಗಳು. ಪಕ್ಕದ ಸೀಟಿನ ವಯಸ್ಸಾದ ಹೆಂಗಸು ಒಂದು ಕೆರೆ ತೋರಿಸಿ, "ಅದು ಲಾಖನ್ ನ ಹಖ್ಲಿಶ. ಕಂಕುಳ ಕೆರೆ ಅಂತ ಅರ್ಥ" ಎಂದರು. ಅವರ ಅಜ್ಜಿಯ ಮನೆಮಾತು ಗೇಲಿಕ್, ಈ ಬೆಟ್ಟಸೀಮೆಯ ಹಳೆಯ ಭಾಷೆ. ಇವರಿಗೆ ಆ ಮಾತು ಬಾರದು, ಜಾಗಗಳ ಹೆಸರುಗಳಷ್ಟೇ ಬಾಯಲ್ಲಿ ಉಳಿದಿವೆ. ಕೇಳಿ ನನ್ನ ಮನಸ್ಸು ಕಲಕಿತು.

ಅಳಿಯ ಕೊಟ್ಟಿದ್ದ, ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನನ್ಸ್ ಸರ್ವೆಯ ನಕ್ಷೆಯನ್ನು ಮಗಳು ಮಡಿಲ ಮೇಲೆ ಹರಡಿದಳು. ಆ ಹಿರಿಯರು ಬೆರಳಿಟ್ಟು ಒಂದೊಂದೇ ಹೆಸರು ಬಿಡಿಸುತ್ತಾ ಹೋದರು. ಸ್ರೋನ್ ಅಂದರೆ ಮೂಗು, ಕಣಿವೆಗೆ ಚಾಚಿದ ಬೆಟ್ಟದ ಚೂಪು. ದ್ರುಯಿಮ್ ಅಂದರೆ ಬೆನ್ನು, ಉದ್ದನೆಯ ದಿಣ್ಣೆ. ಗ್ಲೆನ್ಕೋ ಊರಿನ ನೆತ್ತಿಯ ಮೇಲಿರುವ ಸ್ಗೋರ್ ನ ಕೀಹ್ಯ ಅಂದರೆ ಮೊಲೆಯ ಶಿಖರ. ಇಡೀ ನೆಲವೇ ಒಂದು ಮೈ ಅನ್ನುವ ಹಾಗೆ ಹೆಸರಿಟ್ಟಿದ್ದಾರೆ. ಬರೆಯುವುದೊಂದು, ಓದುವುದೊಂದು ಯಾಕೆ ಅಂತ ಕೇಳಿದೆ. ದೊಡ್ಡದು ಅನ್ನುವ 'ಮೋರ್' ಎಂಬ ಮಾತು ಬೆಟ್ಟ ಅನ್ನುವ 'ಬೆನ್' ಪಕ್ಕಕ್ಕೆ ಬಂದರೆ 'ವೋರ್' ಆಗುತ್ತದಂತೆ. ನನಗೆ ಥಟ್ಟನೆ ಮಳೆಗಾಲ ನೆನಪಾಯಿತು. ನಾವೂ ಕಾಲವನ್ನು ಗಾಲ ಮಾಡುತ್ತೇವೆ, ಅಲ್ವಾ?

ಕಿಂಗ್ಸ್‌ಹೌಸ್ ಹತ್ತಿರ ಇಳಿದೆವು. ಎದುರಿಗೆ ಬುವಖಲ್ಯ ಎಟಿವ್ ಮೋರ್. ಕಣಿವೆಯ ಬಾಯಲ್ಲಿ ಒಬ್ಬನೇ ನಿಂತ ಹಾಗೆ ಕಾಣುವ ಮೊನಚು ಬೆಟ್ಟ. ಬುವಖಲ್ಯ ಅಂದರೆ ದನ ಕಾಯುವವನು. ಎಟಿವ್ ಕಣಿವೆಯ ದೊಡ್ಡ ದನಗಾಹಿ ಅವನು. ಪಕ್ಕದಲ್ಲಿ ಚಿಕ್ಕವನೂ ಇದ್ದಾನೆ, ಬುವಖಲ್ಯ ಎಟಿವ್ ಬೆಕ್. ದೊಡ್ಡವನ ತುದಿಯ ಹೆಸರು ಸ್ಟೋಬ್ ಡೆರಗ್, ಕೆಂಪು ಶಿಖರ. ಸಂಜೆ ಮೋಡ ಸರಿದು ಬಿಸಿಲು ಬಿದ್ದಾಗ ಬಂಡೆ ನಿಜವಾಗಿಯೂ ಕೆಂಪಗಾಯಿತು.

ಆ ರಾತ್ರಿಯನ್ನು ಮರೆಯಲಾರೆ. ಕತ್ತಲಾದ ಮೇಲೆ ಹೊರಗಿನಿಂದ ಗಂಟಲು ಕೀರಿದ ಹಾಗೆ ಗೂಳಿ ಕೂಗುವಂಥ ಸದ್ದು. "ಯಾರದೋ ಹಸು ತಪ್ಪಿಸಿಕೊಂಡಿದೆ" ಅಂದೆ. "ಅಪ್ಪಾ, ಅದು ಗಂಡು ಜಿಂಕೆ. ಇದು ಅವುಗಳ ಬೆದೆಯ ಕಾಲ" ಅಂದಳು ಮಗಳು. ನಕ್ಷೆಯಲ್ಲಿ ಸದ್ದು ಬಂದ ದಿಕ್ಕಿನ ಬೆಟ್ಟವನ್ನು ಹುಡುಕಿದೆವು. ಮ್ಯೌಲ್ ಅ ವೂರಿ. ಎತ್ತರ 1108 ಮೀಟರ್. ಮ್ಯೌಲ್ ಅಂದರೆ ಗುಂಡನೆಯ ಗುಡ್ಡ, ವೂರಿ ಅಂದರೆ ಬೆದೆಯ ಕೂಗು. ಆ ಹೆಸರಿಟ್ಟವರೂ ಇಂಥದೇ ಒಂದು ಚಳಿಯ ರಾತ್ರಿ ಇದೇ ಕೂಗು ಕೇಳಿರಬೇಕು. ಇಬ್ಬರೂ ಕಿಟಕಿ ತೆರೆದು ತುಂಬಾ ಹೊತ್ತು ಸುಮ್ನೆ ನಿಂತೆವು.

ಮರುದಿನ ಗ್ಲೆನ್ಕೋ. ನದಿ ದಾಟಿ, ಮನೆಯಷ್ಟು ದೊಡ್ಡ ಬಂಡೆಗಳ ನಡುವೆ ಹತ್ತಿದರೆ ಕೊರ್ಯ ಗವಲ್ ಸಿಗುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಕಳೆದುಹೋದ ಕಣಿವೆ ಅನ್ನುತ್ತಾರೆ. ಕೊರ್ಯ ಅಂದರೆ ಕೊಪ್ಪರಿಗೆ. ಹಿಮನದಿ ಕೊರೆದ ಗುಂಡಿಗೆ ಇದಕ್ಕಿಂತ ಒಳ್ಳೆಯ ಹೆಸರು ಬೇಕೇ? ಗವಲ್ ಅಂದರೆ ಹಿಡಿದದ್ದು, ವಶ ಮಾಡಿಕೊಂಡದ್ದು. ಮ್ಯಾಕ್‌ಡೊನಾಲ್ಡ್ ಕುಲದವರು ಬೇರೆಯವರ ದನ ಹೊಡೆದುಕೊಂಡು ಬಂದು ಇಲ್ಲಿ ಅಡಗಿಸುತ್ತಿದ್ದರಂತೆ. ಏದುಸಿರು ಬಿಡುತ್ತಾ ಕೊನೆಯ ಏರು ಹತ್ತಿದೆ. ಒಮ್ಮೆಗೇ ಕಣ್ಣೆದುರು ಅಗಲವಾದ ಸಮತಟ್ಟು ಹುಲ್ಲುಗಾವಲು! ಕೆಳಗಿನ ರಸ್ತೆಯಲ್ಲಿ ಹೋಗುವವರಿಗೆ ಇದರ ಸುಳಿವೇ ಸಿಗುವುದಿಲ್ಲ. 'ಕಳೆದುಹೋದ' ಅನ್ನುವುದು ಚೆಂದದ ಮಾತು, ನಿಜ. ಆದರೆ ದನ, ಭಯ, ಬದುಕು ಎಲ್ಲವೂ ಇರುವುದು ಹಳೆಯ ಹೆಸರಿನಲ್ಲೇ.

ಕೊನೆಯ ದಿನ ಫೋರ್ಟ್ ವಿಲಿಯಂ ಆಚೆ ಊನಖ್ ಮೋರ್ ಬೆಟ್ಟದ ಬುಡಕ್ಕೆ ಹೋದೆವು. ಊನಖ್ ಅಂದರೆ ಬೆಟ್ಟದ ಏಣು. ಊನಖ್ ಮೋರ್, ದೊಡ್ಡ ಏಣು, 1221 ಮೀಟರ್. ಅದಕ್ಕೆ ಅಂಟಿಕೊಂಡಿರುವ ಊನಖ್ ಬೆಕ್, ಚಿಕ್ಕ ಏಣು, 1234 ಮೀಟರ್. ಚಿಕ್ಕದೇ 13 ಮೀಟರ್ ಜಾಸ್ತಿ! ಮಗಳು ನಕ್ಷೆ ತಪ್ಪಿದೆ ಅಂದುಕೊಂಡಳು. ಬೆಟ್ಟಕ್ಕೆ ತಂತಿಯ ಮೇಲೆ ಒಯ್ಯುವ ಗೊಂಡೊಲಾ ಹತ್ತುವ ಮೊದಲು ತಲೆಯೆತ್ತಿ ನೋಡಿದೆ. ಊನಖ್ ಮೋರ್ ತನ್ನ ಅಗಲ ಭುಜದಿಂದ ಆಕಾಶದ ಅರ್ಧವನ್ನು ತುಂಬಿಕೊಂಡಿತ್ತು. ಊನಖ್ ಬೆಕ್ ಅದರ ಬೆನ್ನ ಹಿಂದೆ ಎಲ್ಲೋ, ಕಾಣುತ್ತಲೇ ಇರಲಿಲ್ಲ. ಕೆಳಗೆ ದನ ಮೇಯಿಸುತ್ತಾ ನಿಂತವನಿಗೆ ಯಾವುದು ದೊಡ್ಡದು?

"ನಕ್ಷೆ ಸರಿಯಾಗಿಯೇ ಇದೆ ಮಗಳೇ" ಅಂದೆ.