ಬೆಳೆದವರೇ ನಿಂತು ಮಾರುವ ಸಂತೆ

ರೈತರ ಸಂತೆ ಅಂದ ಕೂಡಲೇ ಎಲ್ಲರೂ ತಾಜಾ ತರಕಾರಿಯ ಮಾತು ಎತ್ತುತ್ತಾರೆ. ತಾಜಾ ಇರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಾಜಾ ತರಕಾರಿ ಈಗ ಫೋನಿನಲ್ಲಿ ಆರ್ಡರ್ ಮಾಡಿದರೂ ಬಾಗಿಲಿಗೆ ಬರುತ್ತದೆ. ನನಗೆ ಸಂತೆ ಬೇಕಾಗಿರುವುದು ಬೇರೆ ಕಾರಣಕ್ಕೆ. ಅಲ್ಲಿ ಮೇಜಿನ ಆ ಕಡೆ ನಿಂತಿರುವವರು ಆ ಮಾಲನ್ನು ತಾವೇ ಬೆಳೆದವರು, ಇಲ್ಲವೇ ತಮ್ಮ ಕೈಯಾರೆ ಮಾಡಿದವರು. ಈ ಒಂದು ವಿಷಯ ಸರಿ ಇದ್ದರೆ ಮಿಕ್ಕ ಒಳ್ಳೆಯದೆಲ್ಲ ಅದರ ಹಿಂದೆಯೇ ಬರುತ್ತದೆ. ಇದೊಂದು ಕೆಟ್ಟರೆ ಉಳಿಯುವುದು ಟೆಂಟ್ ಹಾಕಿದ ಮಾಮೂಲಿ ಅಂಗಡಿ ಸಾಲು, ಅಷ್ಟೇ.

ಇದು ನಾನು ಹೊಸದಾಗಿ ಹೇಳುತ್ತಿರುವ ಮಾತಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಪೈಕ್ ಪ್ಲೇಸ್ ಮಾರುಕಟ್ಟೆ ಶುರುವಾದದ್ದೇ ಹೀಗೆ. ಆಗ ಅಲ್ಲಿ ಈರುಳ್ಳಿ ಬೆಲೆ ವಿಪರೀತ ಏರಿತ್ತು. ಕೊಳ್ಳುವವರ ಜೇಬು ಖಾಲಿಯಾಗುತ್ತಿತ್ತು, ಬೆಳೆದವರಿಗೆ ಆ ದುಡ್ಡು ತಲುಪುತ್ತಿರಲಿಲ್ಲ, ನಡುವೆ ಕೂತ ಕಮಿಷನ್ ವ್ಯಾಪಾರಿಗಳ ಮೇಲೆ ಎರಡೂ ಕಡೆಯವರಿಗೆ ಸಿಟ್ಟಿತ್ತು. ಥಾಮಸ್ ರೆವೆಲ್ ಅನ್ನುವ ನಗರ ಕೌನ್ಸಿಲ್ ಸದಸ್ಯ, ರೈತರು ಗಾಡಿ ತಂದು ಬೀದಿಯಲ್ಲೇ ನಿಂತು ನೇರವಾಗಿ ಮಾರಲಿ ಅಂತ ಪ್ರಸ್ತಾಪ ಇಟ್ಟರು. 1907ರ ಆಗಸ್ಟ್ 17ರಂದು ಮೊದಲ ಸಂತೆ ನಡೆಯಿತು. ಬಂದ ಗಾಡಿಗಳು ಬೆರಳೆಣಿಕೆಯಷ್ಟು, ಬಂದ ಜನ ಸಾವಿರಾರು, ಮಧ್ಯಾಹ್ನದೊಳಗೆ ಎಲ್ಲ ಖಾಲಿ.

ಆ ಮಾರುಕಟ್ಟೆಯ ಕಥೆಯಲ್ಲಿ ನನ್ನನ್ನು ತುಂಬಾ ಕಾಡುವುದು 1942. ಅಲ್ಲಿ ಮಾರುತ್ತಿದ್ದ ರೈತರಲ್ಲಿ ದೊಡ್ಡ ಪಾಲು ಜಪಾನಿ ಮೂಲದವರದು. ಯುದ್ಧದ ಹೊತ್ತಿನಲ್ಲಿ ಸರ್ಕಾರ ಅವರನ್ನೆಲ್ಲ ಮನೆ, ಹೊಲ ಬಿಡಿಸಿ ಶಿಬಿರಗಳಿಗೆ ಕಳಿಸಿತು. ಕಟ್ಟಡ ಇತ್ತು, ಜಾಗ ಇತ್ತು, ಕೊಳ್ಳುವ ಜನವೂ ಇದ್ದರು, ಆದರೆ ಬೆಳೆಯುವವರೇ ಇರಲಿಲ್ಲ. ಮಾರುಕಟ್ಟೆ ಸೊರಗಿತು. ಮುಂದೆ ಅದನ್ನು ಕೆಡವುವ ಯೋಜನೆಯೂ ಬಂತು. 1971ರಲ್ಲಿ ಊರಿನ ಜನ ಮತ ಹಾಕಿ ಉಳಿಸಿಕೊಂಡರು ಅನ್ನುವುದು ಸಮಾಧಾನದ ವಿಷಯ. ಸಂತೆ ಮಾಡಲು ಒಳ್ಳೆಯ ಜಾಗ ಸಿಕ್ಕರೆ ಸಾಕು ಅನ್ನುವವರಿಗೆ ನಾನು ಈ ಕಥೆ ಹೇಳುತ್ತೇನೆ.

ಈಗ ದುಡ್ಡಿನ ವಿಷಯಕ್ಕೆ ಬರೋಣ, ಯಾಕಂದರೆ ಎಲ್ಲ ಅಲ್ಲಿಂದಲೇ ಶುರುವಾಗುವುದು. 2024ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಒಂದು ಅಧ್ಯಯನ ಟೊಮೆಟೊ, ಈರುಳ್ಳಿ, ಆಲೂಗಡ್ಡೆಯ ಲೆಕ್ಕ ಹಾಕಿತ್ತು. ಗ್ರಾಹಕ ಕೊಡುವ ದುಡ್ಡಿನಲ್ಲಿ ರೈತನ ಕೈಗೆ ಸೇರುವುದು ಟೊಮೆಟೊದಲ್ಲಿ ಸುಮಾರು ಶೇ. 33, ಈರುಳ್ಳಿಯಲ್ಲಿ ಶೇ. 36, ಆಲೂಗಡ್ಡೆಯಲ್ಲಿ ಶೇ. 37. ಅಂದರೆ ಮೂರರಲ್ಲಿ ಎರಡು ಪಾಲು ದಾರಿಯಲ್ಲೇ ಉಳಿಯುತ್ತದೆ. ಅದೆಲ್ಲ ದಲ್ಲಾಳಿಗಳ ಲಾಭ ಅಂದುಕೊಳ್ಳಬಾರದು. ಸಾಗಣೆ, ಹಮಾಲಿ, ಕೊಳೆತು ಹೋಗುವ ಮಾಲು, ಅಂಗಡಿ ಬಾಡಿಗೆ ಎಲ್ಲ ಅದರಲ್ಲೇ ಬರಬೇಕು.

ಹಾಗಾಗಿ ನೇರ ಮಾರಾಟದಲ್ಲಿ ಪೂರ್ತಿ ದುಡ್ಡು ರೈತನಿಗೆ ಅಂತ ಬೋರ್ಡ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಸಂತೆಗೆ ಬರುವ ರೈತ ನಡುವಿನವರ ಕೆಲಸವನ್ನು ಕೂಡ ತಾನೇ ಮಾಡುತ್ತಾನೆ. ಹಿಂದಿನ ಸಂಜೆ ಕೀಳಬೇಕು, ತೊಳೆದು ಆರಿಸಿ ಕ್ರೇಟಿಗೆ ತುಂಬಬೇಕು, ಬೆಳಕು ಹರಿಯುವ ಮೊದಲೇ ಹೊರಡಬೇಕು, ದಿನವಿಡೀ ನಿಂತು ಮಾರಬೇಕು, ಉಳಿದದ್ದನ್ನು ವಾಪಸ್ ಒಯ್ಯಬೇಕು. ಆ ಒಂದು ದಿನ ಹೊಲದ ಕೆಲಸ ನಿಂತಿರುತ್ತದೆ. ಈ ಖರ್ಚನ್ನೆಲ್ಲ ಕಳೆದ ಮೇಲೂ ಏನಾದರೂ ಮಿಗುವ ಹಾಗಿದ್ದರೆ ಮಾತ್ರ ಅವನು ಮುಂದಿನ ವಾರ ಬರುತ್ತಾನೆ. ಸಂತೆಯಲ್ಲಿ ಬಂದು ಸಗಟು ದರಕ್ಕೆ ಕೊಡು ಅಂತ ಕೇಳುವವರು ಇದನ್ನು ಸ್ವಲ್ಪ ಯೋಚಿಸಬೇಕು, ಅಲ್ವಾ?

ಹಾಗಿದ್ದೂ ಸಣ್ಣ ಹಿಡುವಳಿಯವರಿಗೆ ಇದು ಯಾಕೆ ಅನುಕೂಲ? ದೊಡ್ಡ ಖರೀದಿದಾರರಿಗೆ ಬೇಕಾಗಿರುವುದು ಒಂದೇ ಗಾತ್ರದ, ಒಂದೇ ಬಣ್ಣದ, ದೂರದ ಪ್ರಯಾಣ ತಡೆಯುವ ಮಾಲು, ಅದೂ ಲಾರಿಗಟ್ಟಲೆ. ಅರ್ಧ ಎಕರೆಯಲ್ಲಿ ಹತ್ತು ಬಗೆ ಬೆಳೆಯುವವರು ಆ ಲೆಕ್ಕಕ್ಕೇ ಬರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1977ರವರೆಗೆ ರೈತ ತನ್ನ ಹಣ್ಣನ್ನು ಹೊಲದ ಆಚೆ ಸುಮ್ನೆ ತಂದು ಮಾರುವ ಹಾಗಿರಲಿಲ್ಲ, ಗಾತ್ರ ಇಷ್ಟೇ ಇರಬೇಕು, ಪ್ಯಾಕಿಂಗ್ ಹೀಗೇ ಇರಬೇಕು, ಲೇಬಲ್ ಇರಬೇಕು ಅಂತ ನಿಯಮಗಳಿದ್ದವು. ಆ ವರ್ಷ ಪ್ರಮಾಣಪತ್ರ ಪಡೆದ ರೈತ ಮಾರುಕಟ್ಟೆಗಳಿಗೆ ಆ ನಿಯಮಗಳಿಂದ ವಿನಾಯಿತಿ ಸಿಕ್ಕಿತು. ಸೊಟ್ಟ ಸೌತೆಕಾಯಿಗೂ, ತೀರಾ ಮಾಗಿದ ಹಣ್ಣಿಗೂ ಗಿರಾಕಿ ಸಿಗುವುದು ಇಂಥ ಕಡೆಯಲ್ಲೇ. ಗಿಡದಲ್ಲೇ ಹಣ್ಣಾದದ್ದು ಲಾರಿಯಲ್ಲಿ ಎರಡು ದಿನ ತಡೆಯುವುದಿಲ್ಲ, ಆದರೆ ರುಚಿ ಇರುವುದು ಅದರಲ್ಲೇ.

ನಾನು ಜಾಸ್ತಿ ಹೇಳಬೇಕೆಂದಿರುವುದು ರೈತರ ಪಕ್ಕದಲ್ಲಿ ಮೇಜು ಹಾಕುವ ಸಣ್ಣ ಉದ್ಯಮಗಳ ಬಗ್ಗೆ. ಮನೆಯಲ್ಲೇ ಬ್ರೆಡ್ ಮಾಡುವವರು, ಸೋಪು ಮಾಡುವವರು, ಜೇನು ಸಾಕುವವರು, ಬುಟ್ಟಿ ಹೆಣೆಯುವವರು, ಸಸಿ ಮಾರುವವರು. ಇವರಿಗೆ ಅಂಗಡಿ ತೆರೆಯುವಷ್ಟು ಬಂಡವಾಳ ಇರುವುದಿಲ್ಲ. ಅಡ್ವಾನ್ಸ್, ತಿಂಗಳ ಬಾಡಿಗೆ, ಕರೆಂಟು, ಸಂಬಳ ಅಂತ ವ್ಯಾಪಾರ ಆಗುವ ಮೊದಲೇ ದುಡ್ಡು ಸುರಿಯಬೇಕು. ದೊಡ್ಡ ಅಂಗಡಿಗಳಲ್ಲಿ ಮಾಲು ಇಡಿಸೋಣ ಅಂದರೆ ಅವರಿಗೆ ಮಾರ್ಜಿನ್ ಬಿಡಬೇಕು, ಮಾರಾಟವಾಗದ್ದನ್ನು ವಾಪಸ್ ತಗೊಳ್ಳಬೇಕು, ಬಿಲ್ ಪಾಸಾಗಲು ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಕಾಯಬೇಕು. ಸಣ್ಣ ವ್ಯಾಪಾರ ಸಾಯುವುದು ಎಷ್ಟೋ ಸಲ ನಷ್ಟದಿಂದಲ್ಲ, ಬರಬೇಕಾದ ದುಡ್ಡು ಹೊತ್ತಿಗೆ ಬಾರದೆ. ಸಂತೆಯಲ್ಲಿ ಒಂದು ದಿನದ ಶುಲ್ಕ ಕಟ್ಟಿ ನಿಂತರೆ ಸಂಜೆಯ ಹೊತ್ತಿಗೆ ದುಡ್ಡು ಕೈಯಲ್ಲಿರುತ್ತದೆ. ಆ ದುಡ್ಡಿನಲ್ಲೇ ಮರುದಿನ ಹಿಟ್ಟು, ಎಣ್ಣೆ, ಡಬ್ಬಿ ಕೊಳ್ಳಬಹುದು. ಸಾಲ ಬೇಡ.

ಇನ್ನೊಂದು ಲಾಭ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ಮಾಡಿದವರೇ ಎದುರಿಗೆ ನಿಂತಾಗ ಕೊಳ್ಳುವವರು ನೇರವಾಗಿ ಹೇಳುತ್ತಾರೆ: ಇದಕ್ಕೆ ಉಪ್ಪು ಜಾಸ್ತಿ, ಈ ಬಾಟಲಿಯ ಮುಚ್ಚಳ ಸೋರುತ್ತದೆ, ಇಷ್ಟು ದೊಡ್ಡ ಪ್ಯಾಕೆಟ್ ನಮ್ಮ ಮನೆಗೆ ಬೇಡ, ಅರ್ಧದ್ದು ಇದ್ದರೆ ಕೊಡಿ. ದೊಡ್ಡ ಕಂಪನಿ ಇದನ್ನು ತಿಳಿದುಕೊಳ್ಳಲು ಸರ್ವೆ ಮಾಡಿಸುತ್ತದೆ. ಇಲ್ಲಿ ಅದು ಪುಕ್ಕಟೆ, ಮತ್ತು ಮುಂದಿನ ವಾರವೇ ಸರಿ ಮಾಡಿ ತರಬಹುದು. ಸಣ್ಣ ಪ್ರಮಾಣದಲ್ಲಿ ಮಾಡಿ ನೋಡಿ, ಓಡಿದರೆ ಮುಂದುವರಿಸಿ, ಓಡದಿದ್ದರೆ ಬಿಡುವ ಅವಕಾಶ ಸಣ್ಣವರಿಗೆ ಬೇರೆಲ್ಲಿ ಸಿಗುತ್ತದೆ ಹೇಳಿ. ಮೇಜಿನ ಹಿಂದೆ ಸಂಬಳಕ್ಕೆ ನಿಂತ ಹುಡುಗ ಇದ್ದರೆ ಈ ಮಾತುಗಳು ಮಾಡುವವರ ಕಿವಿಗೆ ಬೀಳುವುದೇ ಇಲ್ಲ.

ಇಷ್ಟು ಚೆನ್ನಾಗಿದ್ದರೆ ಸಂತೆಗಳು ಯಾಕೆ ಕೆಡುತ್ತವೆ? ಹೆಚ್ಚಿನವು ಕೆಡುವುದು ಒಂದೇ ದಾರಿಯಲ್ಲಿ. ಜನ ಬರಲು ಶುರುವಾದ ಕೂಡಲೇ ಸಗಟು ಮಾರುಕಟ್ಟೆಯಿಂದ ಬೆಳಿಗ್ಗೆ ಮಾಲು ಎತ್ತಿ, ಒಂದೆರಡು ಬುಟ್ಟಿಗೆ ಹಾಕಿ, ನಮ್ಮ ತೋಟದ್ದು ಅಂತ ಮಾರುವವರು ಸೇರಿಕೊಳ್ಳುತ್ತಾರೆ. ಅವರ ಹತ್ತಿರ ಎಲ್ಲ ಕಾಲದಲ್ಲೂ ಎಲ್ಲ ತರಕಾರಿ ಇರುತ್ತದೆ, ದರವೂ ಕಡಿಮೆ. ಬೆಳೆದು ತಂದವರು ಆ ದರಕ್ಕೆ ಕೊಡಲಾಗದೆ ಒಬ್ಬೊಬ್ಬರಾಗಿ ಬಿಡುತ್ತಾರೆ. ಬೇಸರವಾಗುವುದು ಏನೆಂದರೆ, ಸಂಘಟಕರಿಗೆ ಆ ಹೊತ್ತಿಗೆ ಇದು ತೊಂದರೆ ಅನಿಸುವುದೇ ಇಲ್ಲ, ಮೇಜುಗಳು ತುಂಬಿವೆ, ಶುಲ್ಕ ಬರುತ್ತಿದೆ, ಗದ್ದಲ ಇದೆ, ಎಲ್ಲ ಸರಿ ಇದೆ ಅಂತ ಕಾಣುತ್ತದೆ. ಕೊಳ್ಳುವವರಿಗೆ ಇದರ ವಾಸನೆ ಹತ್ತಿದ ಮೇಲೆ ಮತ್ತೆ ನಂಬಿಸುವುದು ಬಹಳ ಕಷ್ಟ.

ಇದಕ್ಕೆ ಮದ್ದು ಇದೆ, ಆದರೆ ಅದು ಕೆಲಸ ಬೇಡುತ್ತದೆ. ನ್ಯೂಯಾರ್ಕ್‌ನಲ್ಲಿ ಬ್ಯಾರಿ ಬೆನೆಪ್ ಮತ್ತು ಬಾಬ್ ಲೂಯಿಸ್ 1976ರಲ್ಲಿ ಗ್ರೀನ್‌ಮಾರ್ಕೆಟ್ ಶುರು ಮಾಡಿದರು. ಅಲ್ಲಿ ತಾವೇ ಬೆಳೆದದ್ದನ್ನು ಮಾತ್ರ ಮಾರಬೇಕು ಅನ್ನುವ ನಿಯಮ ಇದೆ, ಮತ್ತು ಅದನ್ನು ನೋಡಲು ತಪಾಸಣೆಯವರು ಹೊಲಕ್ಕೇ ಹೋಗುತ್ತಾರೆ. ಏನು ಬಿತ್ತಿದ್ದೀರಿ, ಎಷ್ಟು ಜಾಗದಲ್ಲಿ, ಯಾವಾಗ ಕೊಯ್ಲು ಅಂತ ರೈತರು ಬರೆದುಕೊಡಬೇಕು. ಕಾಲು ಎಕರೆಯಲ್ಲಿ ಬೆಳೆದವರು ಟನ್‌ಗಟ್ಟಲೆ ಮಾರುತ್ತಿದ್ದರೆ ಕಾಗದ ನೋಡಿದರೇ ಗೊತ್ತಾಗುತ್ತದೆ. ತಮಿಳುನಾಡಿನ ಉಳವರ್ ಸಂದೈಗಳಲ್ಲಿ, ಅಂದರೆ ಅಲ್ಲಿನ ಸರ್ಕಾರ ಮಾಡಿದ ರೈತರ ಸಂತೆಗಳಲ್ಲಿ, ರೈತರಿಗೆ ಫೋಟೋ ಇರುವ ಗುರುತಿನ ಚೀಟಿ ಕೊಡುತ್ತಾರೆ. ನಮ್ಮಲ್ಲಿ ಯಾರಾದರೂ ಹೊಸ ಸಂತೆ ಶುರು ಮಾಡುತ್ತಿದ್ದರೆ ಮೊದಲ ದಿನದಿಂದಲೇ ಈ ನಿಯಮವನ್ನು ಬರೆದಿಡಿ. ಆಮೇಲೆ ತರಲು ಹೋದರೆ ಜಗಳವೇ ಗತಿ. ಕೊಂಡು ತಂದದ್ದನ್ನು ಮಾರಲೇಬೇಕಾದ ಸಂದರ್ಭ ಇದ್ದರೆ, ಉದಾಹರಣೆಗೆ ಪಕ್ಕದ ಹೊಲದವರು ಬರಲಾಗದೆ ಕಳಿಸಿದ್ದಾರೆ ಅಂದರೆ, ಅದನ್ನು ಬೋರ್ಡಿನಲ್ಲಿ ಬರೆದು ಮಾರಲಿ. ಕೊಳ್ಳುವವರು ಅರ್ಥ ಮಾಡಿಕೊಳ್ಳುತ್ತಾರೆ.

ಸರ್ಕಾರ ಮಾಡಿದ ಸಂತೆಗಳ ಕಥೆಯೂ ಕಲಿಸುತ್ತದೆ. ಪಂಜಾಬಿನಲ್ಲಿ 1987ರಲ್ಲಿ ಅಪ್ನಿ ಮಂಡಿ ಬಂತು. 1999ರಲ್ಲಿ ಆಂಧ್ರದಲ್ಲಿ ರೈತು ಬಜಾರ್, ಅದೇ ವರ್ಷ ಮಧುರೈನಿಂದ ಶುರುವಾಗಿ ಉಳವರ್ ಸಂದೈ. ರೈತು ಬಜಾರಿನಲ್ಲಿ ದಿನದ ದರವನ್ನು ಸಗಟಿಗಿಂತ ಮೇಲೆ, ಚಿಲ್ಲರೆಗಿಂತ ಕೆಳಗೆ ನಿಗದಿ ಮಾಡುತ್ತಾರೆ. ಇಬ್ಬರಿಗೂ ಸ್ವಲ್ಪ ಸ್ವಲ್ಪ ಲಾಭ. ಸರಳ ಯೋಚನೆ, ನನಗೆ ಇಷ್ಟ. ಆದರೆ ತಮಿಳುನಾಡಿನಲ್ಲಿ 2001ರಲ್ಲಿ ಸರ್ಕಾರ ಬದಲಾದ ಮೇಲೆ ಸಂದೈಗಳು ಮೂಲೆಗುಂಪಾದವು, 2006ರಲ್ಲಿ ಮತ್ತೆ ಜೀವ ಬಂತು. ಒಂದು ಸಂತೆಯ ಆಯಸ್ಸು ಚುನಾವಣೆಯ ಮೇಲೆ ನಿಂತಿರಬಾರದು. ಮಾರುವವರು ಮತ್ತು ಕೊಳ್ಳುವವರು ಇಬ್ಬರೂ ಸೇರಿದ ಒಂದು ಸಮಿತಿಯ ಕೈಯಲ್ಲಿ ಅದು ಇದ್ದರೆ ಬಾಳಿಕೆ ಜಾಸ್ತಿ ಅಂತ ನನ್ನ ನಂಬಿಕೆ.

ಆ ಸಮಿತಿಯಲ್ಲಿ ಸಂಬಳ ಪಡೆಯುವ ಒಬ್ಬ ಮ್ಯಾನೇಜರ್ ಇರಲೇಬೇಕು. ಸ್ವಯಂಸೇವಕರ ಉತ್ಸಾಹ ಮೊದಲ ವರ್ಷ ದಾಟುವುದು ಕಷ್ಟ. ಯಾರಿಗೆ ಯಾವ ಜಾಗ, ಒಂದೇ ಮಾಲಿನವರು ಎಷ್ಟು ಜನ ಇರಬಹುದು, ಮಳೆ ಬಂದರೆ ಏನು, ತಕ್ಕಡಿಗೆ ಮುದ್ರೆ ಇದೆಯಾ, ತಿನ್ನುವ ಪದಾರ್ಥ ಮಾಡುವವರಿಗೆ ಲೈಸೆನ್ಸ್ ಇದೆಯಾ, ಇದೆಲ್ಲ ಪ್ರತಿ ವಾರದ ಕೆಲಸ.

ಕೊಳ್ಳುವವರ ಪಾಲಿನ ಕೆಲಸ ಒಂದೇ: ತಪ್ಪದೆ ಬರುವುದು. ಬಿಸಿಲಿರುವ ರಜಾ ದಿನ ಎಲ್ಲರೂ ಬರುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ. ರೈತ ಎಷ್ಟು ಕೀಳಬೇಕು ಅಂತ ತೀರ್ಮಾನಿಸುವುದು ಕಾಯಂ ಗಿರಾಕಿಗಳ ಲೆಕ್ಕದ ಮೇಲೆ. ಮೋಡ ಕಂಡ ಕೂಡಲೇ ಅರ್ಧ ಜನ ಮನೆಯಲ್ಲೇ ಉಳಿದರೆ ಆ ದಿನ ಕಿತ್ತ ಸೊಪ್ಪು ಹಸುವಿಗೆ ಹೋಗುತ್ತದೆ. ಪ್ರತಿ ವಾರ ಸಣ್ಣ ಚೀಲ ತುಂಬಿಸಿಕೊಂಡು ಹೋಗುವವರು ವರ್ಷಕ್ಕೊಮ್ಮೆ ಬಂದು ಕಾರು ತುಂಬಿಸಿಕೊಳ್ಳುವವರಿಗಿಂತ ಸಂತೆಗೆ ದೊಡ್ಡ ಆಸರೆ.

ಸಂತೆ ಉಳ್ಳವರ ಶೋಕಿ ಅನ್ನುವ ಟೀಕೆ ಇದೆ, ಅದನ್ನು ತಳ್ಳಿಹಾಕಬಾರದು. ಕೆಲವು ಕಡೆ ಅದು ನಿಜವೇ. ಅಮೆರಿಕದಲ್ಲಿ 1992ರಲ್ಲಿ ಕಡಿಮೆ ಆದಾಯದ ಗರ್ಭಿಣಿಯರಿಗೆ, ತಾಯಂದಿರಿಗೆ, ಚಿಕ್ಕ ಮಕ್ಕಳಿಗೆ ಕೂಪನ್ ಕೊಡುವ ಯೋಜನೆ ಬಂತು. ಅದನ್ನು ರೈತ ಮಾರುಕಟ್ಟೆಯಲ್ಲೇ ಹಣ್ಣು, ತರಕಾರಿಗೆ ಬಳಸಬಹುದು. ಬಡವರಿಗೆ ಒಳ್ಳೆಯ ಊಟ, ರೈತರಿಗೆ ಪೂರ್ತಿ ದರ. ರೈತರ ದರ ಇಳಿಸಿ ಬಡವರಿಗೆ ಸಹಾಯ ಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ಅದೇ ಹೊತ್ತಿಗೆ, ಹತ್ತಿರದ್ದು ಕೊಂಡರೆ ಭೂಮಿ ಉಳಿಯುತ್ತದೆ ಅನ್ನುವ ಪ್ರಚಾರವನ್ನು ಸ್ವಲ್ಪ ಕಡಿಮೆ ಮಾಡೋಣ ಅಂತ ನನ್ನ ವಿನಂತಿ. ಅಮೆರಿಕದ ಆಹಾರದ ಮೇಲೆ ವೆಬರ್ ಮತ್ತು ಮ್ಯಾಥ್ಯೂಸ್ 2008ರಲ್ಲಿ ಮಾಡಿದ ಅಧ್ಯಯನದ ಪ್ರಕಾರ ಆಹಾರದಿಂದಾಗುವ ಒಟ್ಟು ಹಸಿರುಮನೆ ಅನಿಲದಲ್ಲಿ ಸಾಗಣೆಯ ಪಾಲು ಸುಮಾರು ಶೇ. 11. ಬಹುಪಾಲು ಆಗುವುದು ಬೆಳೆಯುವಾಗಲೇ. ಸಂತೆಯ ಪರವಾಗಿ ಹೇಳಲು ಗಟ್ಟಿ ಕಾರಣಗಳು ಇರುವಾಗ ತೆಳು ಕಾರಣವನ್ನು ಮುಂದೆ ಮಾಡುವುದು ಯಾಕೆ?

ಕೊನೆಗೆ, ಜಾಗ ಹುಡುಕುತ್ತಿರುವವರಿಗೆ ಒಂದು ಮಾತು. ಪಾರ್ಕಿಂಗ್, ಬ್ಯಾನರ್, ಸಂಗೀತದ ಬಗ್ಗೆ ಮೀಟಿಂಗಿನಲ್ಲಿ ಗಂಟೆಗಟ್ಟಲೆ ಚರ್ಚೆ ಆಗುತ್ತದೆ. ಮಾರಲು ಬರುವವರಲ್ಲಿ ಎಷ್ಟೋ ಜನ ಹೆಂಗಸರು. ಅವರು ಮನೆ ಬಿಟ್ಟು ಸಂಜೆ ವಾಪಸ್ ಹೋಗುವವರೆಗೆ ಹತ್ತು ಹನ್ನೆರಡು ಗಂಟೆ ಆಗಿರುತ್ತದೆ. ಶೌಚಾಲಯ ಇಲ್ಲ ಅಂತ ನೀರು ಕುಡಿಯದೆ ನಿಂತಿರುತ್ತಾರೆ. ಹತ್ತಿರದಲ್ಲಿ ಶೌಚಾಲಯ, ಕುಡಿಯುವ ನೀರು, ನೆರಳು, ಮೇಜು ಬಿಟ್ಟು ಐದು ನಿಮಿಷ ಹೋಗಿ ಬರಲು ನೋಡಿಕೊಳ್ಳುವ ಒಬ್ಬರು, ಇಷ್ಟನ್ನು ಮೊದಲು ಮಾಡಿ. ಮತ್ತು ಶೌಚಾಲಯದ ಬೀಗ ಸಂತೆ ಶುರುವಾಗುವ ಹೊತ್ತಿಗಲ್ಲ, ಮೊದಲ ಗಾಡಿ ಬರುವ ಹೊತ್ತಿಗೆ ತೆಗೆದಿರಬೇಕು.